‘ಮಳೆ ಚೀಟಿ’ ತಗೊಂಡವರು ಮೀಟಿಂಗಿಗೆ ಬರಲ್ಲ: ಇಂಗ್ಲಿಷಿನಲ್ಲಿ ತಕರಾರು, ಗೊಣಗಾಟ, ನಿರಾಕರಣೆ

ಮೊನ್ನೆ ಗುರುವಾರ ಸಂಜೆ ನನ್ನ ತಂಗಿಯ ಮಗಳು ಲ್ಯಾಪ್‌ಟಾಪ್ ಮುಂದೆ ಮುಕ್ಕಾಲು ಗಂಟೆ ಕೂತಿದ್ದಳು. ದಾವಣಗೆರೆಯ ಮನೆಯಲ್ಲೇ ಕೂತು ಹೊರದೇಶದ ಕಂಪನಿಯೊಂದಕ್ಕೆ ಕೆಲಸ ಮಾಡುವ ಹುಡುಗಿ. ವಿಡಿಯೋ ಲಿಂಕ್ ತೆರೆದಿದೆ, ತಲೆ ಬಾಚಿಕೊಂಡಿದ್ದಾಳೆ, ಬೆನ್ನ ಹಿಂದಿನ ಗೋಡೆಯಿಂದ ಕ್ಯಾಲೆಂಡರನ್ನೂ ಇಳಿಸಿಟ್ಟಿದ್ದಾಳೆ. ಆ ಕಡೆಯಿಂದ ಮಾತ್ರ ಯಾರೂ ಬರಲಿಲ್ಲ.

‘ಮಾಮ, ಇದನ್ನೊಂಚೂರು ನೋಡು’ ಅಂತ ಮೇಲ್ ತೋರಿಸಿದಳು. ಗುರುವಾರ ಸೇರೋಣವೇ ಎಂದು ಇವಳು ಕೇಳಿದ್ದಕ್ಕೆ ಆ ಮನುಷ್ಯ ಬರೆದಿದ್ದು ಒಂದೇ ಸಾಲು: ‘ಐ ವಿಲ್ ಟೇಕ್ ಎ ರೇನ್ ಚೆಕ್ ಆನ್ ಥರ್ಸ್‌ಡೇ.’

‘ಮಳೆ ಇದೆಯಾ ಇಲ್ವಾ ಚೆಕ್ ಮಾಡ್ಕೊಂಡು ಬರ್ತಾನೆ ಅನ್ಕೊಂಡೆ. ಅವರೂರಿನ ಹವಾಮಾನನೂ ನೋಡಿದ್ದೆ ಮಾಮ, ಬಿಸಿಲಿತ್ತು.’

ಆತ ಬರಲ್ಲ ಅಂತ ಆಗಲೇ ಹೇಳಿಯಾಗಿತ್ತು. ಸೌಜನ್ಯದಿಂದಲೇ ಹೇಳಿದ್ದ. ಇವಳಿಗೆ ಅದು ಕೇಳಿಸಿರಲಿಲ್ಲ, ಅಷ್ಟೇ.

ಬೈದರೆ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ, ಹೊಗಳಿದರೂ ಗೊತ್ತಾಗುತ್ತದೆ. ಬೇಡ ಅಂದದ್ದು ಗೊತ್ತಾಗುವುದೇ ಕಷ್ಟ, ಯಾಕೆಂದರೆ ಜನ ಅದನ್ನು ನೇರವಾಗಿ ಹೇಳುವುದಿಲ್ಲ. ಮನೆಯಿಂದಲೇ ಹೊರದೇಶದ ಕೆಲಸ ಮಾಡುವವರು, ಕೇಂದ್ರ ಸರ್ಕಾರದ ನೌಕರಿಗಾಗಿ ಬರೆಯುವ ಎಸ್‌ಎಸ್‌ಸಿ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ ‘ಈಡಿಯಮ್ಸ್ ಅಂಡ್ ಫ್ರೇಸಸ್’ ಬಾಯಿಪಾಠ ಮಾಡುವವರು, ಮಕ್ಕಳ ಶಾಲೆಯಿಂದ ಬಂದ ಇಂಗ್ಲಿಷ್ ಮೆಸೇಜು ಓದುವವರು, ಎಲ್ಲರೂ ಒಂದಲ್ಲ ಒಂದು ದಿನ ಇಲ್ಲೇ ಎಡವುತ್ತಾರೆ. ಆದ್ದರಿಂದ ಇಂಗ್ಲಿಷಿನವರು ತಕರಾರು ತೆಗೆಯುವುದು, ಗೊಣಗುವುದು, ಅಲ್ಲಗಳೆಯುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಗುಂಡಿ ಸರ್ಕಲ್‌ನಲ್ಲಿ ಗುಂಡಿ ಹುಡುಕಬಾರದು

ದಾವಣಗೆರೆಗೆ ಹೊಸದಾಗಿ ಬಂದವರಿಗೆ ‘ಗುಂಡಿ ಸರ್ಕಲ್ ಹತ್ರ ಇಳೀರಿ’ ಅಂದರೆ ಕೆಲವರು ರಸ್ತೆಯಲ್ಲಿ ಗುಂಡಿ ಎಲ್ಲಿದೆ ಅಂತ ನೋಡುತ್ತಾರೆ. ಅದು ಹೆಸರು. ಎರಡು ಪದ ಸೇರಿ ಒಂದು ಜಾಗವನ್ನು ತೋರಿಸುತ್ತವೆ. ಬಿಡಿಸಿ ನೋಡಿದರೆ ದಾರಿ ತಪ್ಪುತ್ತದೆ.

ನುಡಿಗಟ್ಟೂ ಹಾಗೆಯೇ. ಒಂದಿಷ್ಟು ಪದಗಳು ಗಂಟು ಹಾಕಿಕೊಂಡು, ಬಿಡಿಯಾಗಿ ಯಾವ ಪದಕ್ಕೂ ಇರದ ಅರ್ಥ ಕೊಡುತ್ತವೆ. ಗಾದೆ ಬೇರೆ, ಅದು ಪೂರ್ತಿ ವಾಕ್ಯ, ತನ್ನಷ್ಟಕ್ಕೆ ನಿಲ್ಲುತ್ತದೆ. ನುಡಿಗಟ್ಟು ನಮ್ಮ ವಾಕ್ಯದೊಳಗೆ ಬಂದು ಸೇರಿಕೊಳ್ಳುತ್ತದೆ. ‘ಹುಡುಗನ ಕಡೆಯವರು ಸಂಬಂಧಕ್ಕೆ ಮೂಗು ಮುರಿದರು’ ಅಂದರೆ ನಮ್ಮಲ್ಲಿ ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಇದನ್ನೇ ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ಹಾಕಿದರೆ ಹೊಡೆದಾಟದ ಸುದ್ದಿಯಾಗುತ್ತದೆ. ಇಂಗ್ಲಿಷಿನವರ ಅಸಡ್ಡೆಯೂ ಮೂಗಿನಲ್ಲೇ ಇದೆ, ಆದರೆ ಅವರದು ಮುರಿಯುವುದಿಲ್ಲ, ಮೇಲಕ್ಕೇಳುತ್ತದೆ: ‘ಟರ್ನ್ ಅಪ್ ಯುವರ್ ನೋಸ್’.

ನಮ್ಮಲ್ಲಿ ‘ನೋ’ ಎಷ್ಟು?

‘ಚಾ ಇದೆಯಾ?’ ಇಲ್ಲ. ‘ಇದು ಚಾನಾ?’ ಅಲ್ಲ. ‘ಚಾ ಕೊಡ್ಲಾ?’ ಬೇಡ. ಈ ಮೂರಕ್ಕೂ ಇಂಗ್ಲಿಷಿನಲ್ಲಿ ‘ನೋ’ ಅಂದರೆ ಸಾಕು. ನಮ್ಮಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಇವುಗಳ ಜೊತೆಗೆ ಹಟ ಹಿಡಿದ ಮಗುವಿನ ‘ಒಲ್ಲೆ’ ಇದೆ, ಮನೆಯ ಹಿರಿಯರ ‘ಕೂಡದು’ ಇದೆ, ಕಚೇರಿ ಕೌಂಟರಿನ ‘ಆಗಲ್ಲ’ ಇದೆ. ಒಂದೊಂದರ ತೂಕವೂ ಬೇರೆ, ಹೇಳುವ ಬಾಯಿಯೂ ಬೇರೆ.

ಸಂಜೆ ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಇಂಗ್ಲಿಷ್ ನುಡಿಗಟ್ಟು ಎದುರಾದಾಗ ಅದರಲ್ಲಿರುವ ಕಾಲು, ಕೈ, ಮಳೆ, ಹಂದಿಗಳನ್ನು ಆಮೇಲೆ ನೋಡು. ಮೊದಲು ಇದು ನಮ್ಮ ಯಾವ ‘ನೋ’ ಅಂತ ಕೇಳಿಕೋ. ಆಗುವ ಕೆಲಸವನ್ನು ತಡೆಯುವ ‘ಕೂಡದು’ ಆಗಿದ್ದರೆ ಅದು ತಕರಾರು. ಕರೆದಲ್ಲಿಗೆ ಬರಲ್ಲ, ಕೊಟ್ಟದ್ದು ತಗೊಳ್ಳಲ್ಲ ಎಂಬ ‘ಒಲ್ಲೆ’ ಆಗಿದ್ದರೆ ಅದು ತಿರಸ್ಕಾರ. ‘ನಾನಲ್ಲ, ನನಗೆ ಗೊತ್ತಿಲ್ಲ’ ಎಂಬ ‘ಅಲ್ಲ’ ಆಗಿದ್ದರೆ ಅದು ಅಲ್ಲಗಳೆಯುವಿಕೆ. ಇನ್ನು ಕೆಲಸ ಆಗಿಹೋದ ಮೇಲೆ ‘ಹಿಂಗ್ಯಾಕಾಯ್ತು’ ಅಂತ ಹಲುಬುವುದು ಗೊಣಗಾಟ.

‘ಕೂಡದು’: ಕಾಲಿನಲ್ಲಿ ಹೇಳುವ ತಕರಾರು

ಇಂಗ್ಲಿಷಿನ ತಕರಾರೆಲ್ಲ ಕಾಲಿನಲ್ಲಿದೆ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ‘ಪುಟ್ ಯುವರ್ ಫುಟ್ ಡೌನ್’ ಅಂದರೆ ಅಧಿಕಾರ ಇರುವವರು ‘ಇದು ನಡೆಯಲ್ಲ’ ಅಂತ ಖಡಾಖಂಡಿತವಾಗಿ ಹೇಳುವುದು. ಮಗಳು ರಾತ್ರಿ ಹತ್ತರ ಮೇಲೆ ಹೊರಗೆ ಹೋಗುತ್ತೇನೆಂದಾಗ ಅವ್ವ ಹೇಳುವ ‘ಕೂಡದು’ ಇದೇ. ಬ್ರಿಟನ್ನಿನಲ್ಲಿ ಕಾರಿನೊಳಗೆ ಕೂತು ಇದೇ ಮಾತು ಹೇಳಿದರೆ ಆಕ್ಸಿಲರೇಟರ್ ತುಳಿ, ಜೋರಾಗಿ ಓಡಿಸು ಅಂತಲೂ ಆಗುತ್ತದೆ. ಆದ್ದರಿಂದ ಸಂದರ್ಭ ನೋಡದೆ ಉತ್ತರ ಗುರುತು ಹಾಕಬಾರದು.

‘ಡಿಗ್ ಇನ್ ಯುವರ್ ಹೀಲ್ಸ್’ ಅಂದರೆ ಹಿಮ್ಮಡಿ ನೆಲಕ್ಕೂರಿ ನಿಲ್ಲುವುದು. ಇದು ನಮ್ಮ ‘ಜಪ್ಪಯ್ಯ ಅಂದರೂ ಜಗ್ಗಲ್ಲ’. ಹೇಳುವವರಿಗೆ ಅಧಿಕಾರ ಇರಬೇಕೆಂದಿಲ್ಲ, ಹಟ ಇದ್ದರೆ ಸಾಕು. ‘ಡ್ರ್ಯಾಗ್ ಯುವರ್ ಫೀಟ್’ ಅಂದರೆ ಕಾಲೆಳೆದುಕೊಂಡು ನಡೆಯುವುದು: ಬೇಡ ಅನ್ನಲ್ಲ, ಮಾಡುವುದೂ ಇಲ್ಲ, ಮೀನಮೇಷ ಎಣಿಸುತ್ತಾ ಕೂರುವುದು. ಇಲ್ಲಿ ಎಚ್ಚರ ಬೇಕು. ಕನ್ನಡದಲ್ಲಿ ‘ಕಾಲೆಳೆದ’ ಅಂದರೆ ಇನ್ನೊಬ್ಬರ ಕಾಲು, ಕೀಟಲೆ. ಇಂಗ್ಲಿಷಿನ ಈ ನುಡಿಗಟ್ಟಿನಲ್ಲಿ ಎಳೆಯುವುದು ಸ್ವಂತ ಕಾಲನ್ನು.

‘ಅಡ್ಡಗಾಲು ಹಾಕು’ ಎಂಬ ನಮ್ಮ ಮಾತನ್ನು ‘ಪುಟ್ ಫುಟ್ ಡೌನ್’ ಅಂತ ಅನುವಾದಿಸುವ ಹುಡುಗರು ವರ್ಷಕ್ಕೆ ಇಬ್ಬರು ಮೂವರಾದರೂ ಸಿಗುತ್ತಾರೆ. ಎರಡೂ ಕಾಲೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಅಡ್ಡಗಾಲಿಗೆ ಹತ್ತಿರದ ಇಂಗ್ಲಿಷ್ ಮಾತು ‘ಥ್ರೋ ಎ ಸ್ಪ್ಯಾನರ್ ಇನ್ ದ ವರ್ಕ್ಸ್’, ಅಂದರೆ ಓಡುತ್ತಿರುವ ಯಂತ್ರದ ಹಲ್ಲುಗಾಲಿಗೆ ಪಾನಾ ಎಸೆಯುವುದು. ಹತ್ತಿ ಗಿರಣಿಗಳ ಊರು ಅನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಈ ಚಿತ್ರವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಹಿರಿಯರಲ್ಲಿ ಒಬ್ಬರಾದರೂ ಗಿರಣಿಯಲ್ಲಿ ದುಡಿದಿರುತ್ತಾರೆ.

ಕಾಲಿನದೇ ಇನ್ನೊಂದು ಮಾತು ಬೈಬಲಿನಿಂದ ಬಂದಿದೆ: ‘ಕಿಕ್ ಅಗೇನ್ಸ್ಟ್ ದ ಪ್ರಿಕ್ಸ್’. 1611ರ ಇಂಗ್ಲಿಷ್ ಬೈಬಲಿನಲ್ಲೂ ಇದಿದೆ, ಅದಕ್ಕೂ ಹಿಂದಿನ ಇಂಗ್ಲಿಷ್ ಅನುವಾದಗಳಲ್ಲೂ ಇತ್ತು. ಉಳುವ ಎತ್ತಿಗೆ ಹಿಂದಿನಿಂದ ಮುಳ್ಳುಗೋಲಿನಿಂದ ತಿವಿಯುತ್ತಾರೆ. ಎತ್ತು ಸಿಟ್ಟಿಗೆದ್ದು ಆ ಕೋಲಿಗೇ ಒದ್ದರೆ ಮುಳ್ಳು ಇನ್ನೂ ಒಳಕ್ಕೆ ಹೋಗುತ್ತದೆ. ತನ್ನ ಮೇಲಿನ ಶಕ್ತಿಯನ್ನು ವಿರೋಧಿಸಿ ತಾನೇ ನೋವು ತಿನ್ನುವುದು ಅಂತ ಅರ್ಥ. ಹೊಳಲ್ಕೆರೆ ಕಡೆಯ ರೈತರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, ‘ಎತ್ತಿಗೆ ಒಂದ್ಸಲ ಆದ್ರೆ ಬುದ್ಧಿ ಬರುತ್ತೆ, ಮನುಷ್ಯಂಗೆ ಬರಲ್ಲ’ ಅಂದರು.

ಕಾಲು ಬಿಟ್ಟು ಮುಂದೆ ಹೋದರೆ ಒಂದು ಮನುಷ್ಯನ ಹೆಸರೇ ತಕರಾರಿನ ಪದವಾದ ಕಥೆ ಸಿಗುತ್ತದೆ. 1880ರಲ್ಲಿ ಐರ್ಲೆಂಡಿನ ಮೇಯೋ ಎಂಬಲ್ಲಿ ಚಾರ್ಲ್ಸ್ ಬಾಯ್ಕಾಟ್ ಎಂಬಾತ ಜಮೀನ್ದಾರನೊಬ್ಬನ ಏಜೆಂಟ್ ಆಗಿದ್ದ. ಗೇಣಿದಾರರು ಗೇಣಿ ಇಳಿಸಿ ಅಂದರು, ಆಗಲಿಲ್ಲ, ಬಾಯ್ಕಾಟ್ ಅವರನ್ನು ಒಕ್ಕಲೆಬ್ಬಿಸಲು ಹೊರಟ. ಆಗ ಊರಿನವರು ಹೊಡೆಯಲಿಲ್ಲ, ಬಡಿಯಲಿಲ್ಲ. ಆಳುಗಳು ಹೊಲಕ್ಕೆ ಬರುವುದನ್ನು ಬಿಟ್ಟರು, ಅಂಗಡಿಯವರು ಸಾಮಾನು ಕೊಡುವುದನ್ನು ಬಿಟ್ಟರು, ಟಪಾಲೂ ತಲುಪದಂತಾಯಿತು. ಬೆಳೆ ಕೊಯ್ಯಲು ಬೇರೆ ಕಡೆಯಿಂದ 50 ಮಂದಿಯನ್ನು ಕರೆಸಿ, ಅವರಿಗೆ ಸೈನಿಕರ ಕಾವಲು ಹಾಕಬೇಕಾಯಿತು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಹೆಚ್ಚಾಯಿತು. ಆ ವರ್ಷವೇ ಅವನ ಹೆಸರು ಪತ್ರಿಕೆಗಳಲ್ಲಿ ಕ್ರಿಯಾಪದವಾಗಿ ಓಡಾಡತೊಡಗಿತು. ನಾವು ಪರೀಕ್ಷೆ ಬಾಯ್ಕಾಟ್, ಚುನಾವಣೆ ಬಾಯ್ಕಾಟ್ ಅನ್ನುವಾಗ ಕರೆಯುತ್ತಿರುವುದು ಆ ಮನುಷ್ಯನ ಹೆಸರನ್ನೇ.

ಆಫೀಸಿನಲ್ಲಿ ಹೆಚ್ಚು ಕೇಳಿಸುವ ತಕರಾರು ಮಾತ್ರ ಇದಕ್ಕಿಂತ ಎಷ್ಟೋ ಮೆತ್ತಗಿನದು: ‘ಲೆಟ್ ಮಿ ಪ್ಲೇ ಡೆವಿಲ್ಸ್ ಅಡ್ವೊಕೇಟ್.’ ಸೈತಾನನ ವಕೀಲನಾಗಿ ಒಂದು ಮಾತು ಕೇಳುತ್ತೇನೆ ಅಂತ. ಕ್ಯಾಥೊಲಿಕ್ ಚರ್ಚಿನಲ್ಲಿ ಒಬ್ಬರನ್ನು ಸಂತರೆಂದು ಘೋಷಿಸುವ ಮೊದಲು ಅವರ ಪವಾಡಗಳನ್ನೂ ನಡತೆಯನ್ನೂ ಪ್ರಶ್ನಿಸಲೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ. 1587ರಲ್ಲಿ ಈ ಹುದ್ದೆ ಏರ್ಪಟ್ಟಿತು. 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ನಿಯಮ ಬದಲಿಸಿ ಅದರ ಪಾತ್ರವನ್ನು ಬಹಳ ಮೊಟಕುಗೊಳಿಸಿದರು. ಈ ‘ವಕೀಲ’ ನಂಬಿಕೆ ಇಲ್ಲದವನಲ್ಲ. ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಕೇಳುವ ಕೆಲಸ ಅವನದು. ಆದ್ದರಿಂದ ಮೀಟಿಂಗಿನಲ್ಲಿ ಯಾರಾದರೂ ಹೀಗಂದರೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ನಮ್ಮಲ್ಲಿ ‘ಒಂದ್ ಮಾತಿಗೆ ಕೇಳ್ತೀನಿ’ ಅಂತ ಶುರು ಮಾಡುತ್ತೇವಲ್ಲ, ಅದರ ಹಾಗೆ.

ಇನ್ನು ‘ಟೇಬಲ್’. ಬ್ರಿಟಿಷರಲ್ಲೂ ನಮ್ಮ ವಿಧಾನಸಭೆಯಲ್ಲೂ ಒಂದು ಆಕ್ಷೇಪವನ್ನು ‘ಟೇಬಲ್’ ಮಾಡಿದರು ಅಂದರೆ ಚರ್ಚೆಗೆ ಮಂಡಿಸಿದರು ಅಂತ. ಅಮೆರಿಕದಲ್ಲಿ ಅದೇ ಪದಕ್ಕೆ ಚರ್ಚೆಯಿಂದ ಪಕ್ಕಕ್ಕಿಟ್ಟರು ಅಂತ ಅರ್ಥ. ನೇರ ಉಲ್ಟಾ! ನಿಮ್ಮ ಪ್ರಸ್ತಾಪ ಟೇಬಲ್ ಆಗಿದೆ ಅಂತ ಮೇಲ್ ಬಂದರೆ, ಖುಷಿಪಡುವ ಮೊದಲು ಯಾವ ದೇಶದಿಂದ ಬಂತು ನೋಡಿ.

ಹೊಟ್ಟೆ, ಎದೆ, ಕೀಲೆಣ್ಣೆ: ಗೊಣಗಾಟದ ಮಾತುಗಳು

‘ಕಂಪ್ಲೇಂಟ್’ ಪದದ ಬುಡದಲ್ಲಿರುವ ಲ್ಯಾಟಿನ್ ಪದಕ್ಕೆ ಎದೆ ಬಡಿದುಕೊಂಡು ಗೋಳಾಡುವುದು ಅಂತ ಅರ್ಥ. ನಮ್ಮ ಪೊಲೀಸ್ ಠಾಣೆಯಲ್ಲಿ ‘ಫಿರ್ಯಾದು’ ಅನ್ನುತ್ತಾರಲ್ಲ, ಅದು ಪರ್ಷಿಯನ್ನಿನದು. ಅಲ್ಲಿ ಅದರ ಅರ್ಥ ಕೂಗಿ ಮೊರೆಯಿಡುವುದು. ‘ತಕರಾರು’ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಮಗೆ ಇವತ್ತು ಇವೆಲ್ಲ ಅರ್ಜಿ, ಸೀಲು, ರಸೀದಿಯ ಪದಗಳು. ಹಿಂದೆ ಹೋದರೆ ಮೂರು ಕಡೆಯೂ ಒಬ್ಬ ಮನುಷ್ಯ ಬಾಯಿ ಬಡಿದುಕೊಳ್ಳುತ್ತಿದ್ದಾನೆ.

ಎದೆಯಿಂದ ಹೊಟ್ಟೆಗೆ ಬನ್ನಿ. ಮನೆಯಲ್ಲಿ ಮಗು ಬೆಳೆಸಿದವರಿಗೆಲ್ಲ ಗ್ರೈಪ್ ವಾಟರ್ ಗೊತ್ತು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ತಯಾರಿಸಿದ ಔಷಧ. ‘ಗ್ರೈಪ್’ ಅಂದರೆ ಮೊದಲು ಗಟ್ಟಿಯಾಗಿ ಹಿಡಿಯುವುದು. ಆಮೇಲೆ ಹೊಟ್ಟೆ ಹಿಡಿದುಕೊಂಡಂತಾಗುವ ನೋವು. ಕಳೆದ ಶತಮಾನದಲ್ಲಿ ಅಮೆರಿಕದ ಆಡುಮಾತಿನಲ್ಲಿ ಗೊಣಗಾಟ ಅಂತಲೂ ಆಯಿತು. ‘ಸ್ಟಾಪ್ ಗ್ರೈಪಿಂಗ್’ ಅಂದರೆ ಸುಮ್ಮನೆ ಗೊಣಗಬೇಡ. ‘ಬೆಲ್ಲಿಏಕ್’ ಕೂಡ ಇದೇ ಸಾಲಿನದು, ಹೊಟ್ಟೆನೋವು ಅಂದರೂ ಗೊಣಗು ಅಂದರೂ ಅದೇ.

ಇಲ್ಲೇ ಕನ್ನಡದವರು ಜಾರುವುದು. ನಮ್ಮ ಹೊಟ್ಟೆಯಲ್ಲಿ ಇರುವುದು ಕಿಚ್ಚು ಮತ್ತು ಉರಿ, ಅಂದರೆ ಮತ್ಸರ. ಆದ್ದರಿಂದ ‘ಹಿ ಈಸ್ ಬೆಲ್ಲಿಏಕಿಂಗ್ ಅಬೌಟ್ ಹಿಸ್ ಸ್ಯಾಲರಿ’ ಎಂಬ ವಾಕ್ಯ ಕೊಟ್ಟರೆ, ಪಕ್ಕದವನ ಸಂಬಳ ನೋಡಿ ಹೊಟ್ಟೆ ಉರ್ಕೊಳ್ತಾನೆ ಅಂತ ಬರೆಯುತ್ತಾರೆ. ಅವನಿಗೆ ಯಾರ ಮೇಲೂ ಉರಿಯಿಲ್ಲ, ತನ್ನ ಸಂಬಳದ ಬಗ್ಗೆ ಪಿಟಿಪಿಟಿ ಅನ್ನುತ್ತಿದ್ದಾನೆ ಅಷ್ಟೇ. ಹಾಗೆಯೇ ‘ವಾಟ್ಸ್ ಯುವರ್ ಬೀಫ್’ ಎಂಬ ಅಮೆರಿಕದ ಪ್ರಶ್ನೆ ಊಟದ ವಿಚಾರವಲ್ಲ. ನಿನ್ನ ತಕರಾರೇನು ಅಂತ.

‘ದ ಸ್ಕ್ವೀಕಿ ವೀಲ್ ಗೆಟ್ಸ್ ದ ಗ್ರೀಸ್’ ಎಂಬುದನ್ನು ಎತ್ತಿನಗಾಡಿ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಕಿರ್ರೋ ಅನ್ನುವ ಗಾಲಿಗೇ ಕೀಲೆಣ್ಣೆ. ಸುಮ್ಮನೆ ಉರುಳುವ ಇನ್ನೊಂದು ಗಾಲಿಯ ಕಡೆ ಯಾರೂ ನೋಡುವುದಿಲ್ಲ. ಅಳುವ ಮಗುವಿಗೇ ಹಾಲು ಅಂತ ನಾವು ಹೇಳುವುದು ಇದನ್ನೇ.

ತಪ್ಪು ಹುಡುಕುವ ಗೊಣಗಾಟಕ್ಕೆ ‘ನಿಟ್‌ಪಿಕಿಂಗ್’ ಅನ್ನುತ್ತಾರೆ. ನಿಟ್ ಅಂದರೆ ಸೀರು, ಕೂದಲಿಗೆ ಅಂಟಿದ ಹೇನಿನ ಮೊಟ್ಟೆ. ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಸೀರು ಹೆಕ್ಕುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಆದರೆ ಅಜ್ಜಿಯ ಕೆಲಸದಲ್ಲಿ ಅಕ್ಕರೆ ಇದೆ, ಇಂಗ್ಲಿಷ್ ನುಡಿಗಟ್ಟಿನಲ್ಲಿ ಇಲ್ಲ. ಅದರ ಭಾವಕ್ಕೆ ಹತ್ತಿರದ್ದು ‘ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು’.

ಸಣ್ಣದನ್ನು ದೊಡ್ಡದು ಮಾಡುವವರಿಗೆ ‘ಮೇಕಿಂಗ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್’. ಮೋಲ್ ಎಂಬುದು ಯುರೋಪಿನಲ್ಲಿ ನೆಲ ಕೊರೆಯುವ ಸಣ್ಣ ಪ್ರಾಣಿ. ಅದು ಹೊರಹಾಕುವ ಮಣ್ಣಗುಪ್ಪೆಯೇ ಮೋಲ್‌ಹಿಲ್. ಪರೀಕ್ಷೆಯಲ್ಲಿ ಇದನ್ನು ‘ಗುಡ್ಡ ಅಗೆದು ಇಲಿ ಹಿಡಿದರು’ ಎಂಬುದರ ಜೊತೆ ಹೊಂದಿಸುವವರು ಬಹಳ. ಚಿತ್ರದುರ್ಗದ ಕಡೆಯವರಿಗೆ ಗುಡ್ಡ ಕಂಡರೆ ಸಾಕು, ಹತ್ತಿಬಿಡುತ್ತಾರೆ! ಇಲಿ ಹಿಡಿದದ್ದು ದೊಡ್ಡ ಶ್ರಮಕ್ಕೆ ಸಣ್ಣ ಫಲ ಸಿಕ್ಕ ಮಾತು. ಇಲ್ಲಿ ಬೇಕಾದ್ದು ‘ಕಡ್ಡೀನ ಗುಡ್ಡ ಮಾಡು’.

ಕೆಲವು ಮಾತುಗಳು ದೂರಿನಂತೆ ಕಂಡರೂ ದೂರಲ್ಲ. ‘ಹೌ ಆರ್ ಯು’ ಅಂತ ಕೇಳಿದಾಗ ‘ಕಾಂಟ್ ಕಂಪ್ಲೇನ್’ ಅಂದರೆ ದೂರು ಕೊಡಲು ಯಾರೋ ಬಿಡುತ್ತಿಲ್ಲ ಅಂತ ಅಲ್ಲ. ‘ಏನೋ ನಡೀತಾ ಇದೆ, ಅಡ್ಡಿಯಿಲ್ಲ’ ಅಂತ. ನೀವು ಕರೆಂಟ್ ಹೋಗಿದ್ದನ್ನು ಹೇಳಿಕೊಂಡಾಗ ಆ ಕಡೆಯವರು ‘ಟೆಲ್ ಮಿ ಅಬೌಟ್ ಇಟ್’ ಅಂದರೆ ವಿವರ ಕೇಳುತ್ತಿಲ್ಲ. ‘ಅಯ್ಯೋ, ನಂಗೂ ಅದೇ ಗೋಳು, ಹೇಳ್ಬೇಡ’ ಅಂತ. ಶಬ್ದದಲ್ಲಿ ಹೇಳು ಅಂತಿದೆ, ಅರ್ಥದಲ್ಲಿ ಹೇಳಬೇಡ ಅಂತಿದೆ. ಪಾಪ, ನಮ್ಮ ಹುಡುಗಿ ಒಮ್ಮೆ ಹೀಗೆ ಕೇಳಿದವರಿಗೆ ಎರಡು ಪುಟ ಬರೆದು ಕಳಿಸಿದ್ದಳು.

ದೂರೇ ಇಲ್ಲದಿದ್ದರೆ? ಆಗ ‘ನಾಟ್ ಎ ಪೀಪ್’. ಪೀಪ್ ಅಂದರೆ ಕೋಳಿಮರಿಯ ಕಿಚಕಿಚ. ಇದೇ ಜಾಗಕ್ಕೆ ನಮ್ಮಲ್ಲಿ ‘ಚಕಾರ ಎತ್ತಲಿಲ್ಲ’ ಇದೆ. ಅವರಿಗೆ ಮರಿಯ ಸದ್ದು, ನಮಗೆ ಒಂದು ಅಕ್ಷರ.

‘ಒಲ್ಲೆ’: ಮಳೆ ಚೀಟಿಯಿಂದ ಹಾರುವ ಹಂದಿಯವರೆಗೆ

ಈಗ ರೇನ್ ಚೆಕ್. ಇಲ್ಲಿ ‘ಚೆಕ್’ ಪರಿಶೀಲನೆಯೂ ಅಲ್ಲ, ಬ್ಯಾಂಕಿನದೂ ಅಲ್ಲ, ಚೀಟಿ. 1880ರ ದಶಕದಲ್ಲಿ ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಮಳೆ ಬಂದು ಆಟ ನಿಂತರೆ, ದುಡ್ಡು ಕೊಟ್ಟು ಬಂದ ಪ್ರೇಕ್ಷಕರು ಇನ್ನೊಂದು ದಿನ ಅದೇ ಟಿಕೆಟ್ ಮೇಲೆ ಬರಬಹುದು ಎಂಬ ಏರ್ಪಾಡಿತ್ತು. ಆ ತುಂಡು ಕಾಗದವೇ ಮಳೆ ಚೀಟಿ. ಮೈದಾನದಿಂದ ಅದು ಮಾತಿಗೆ ಬಂತು: ‘ಇವತ್ತು ಆಗಲ್ಲ, ಕರೆದದ್ದಕ್ಕೆ ಸಂತೋಷ, ಇನ್ನೊಮ್ಮೆ ನೋಡೋಣ.’ ಇನ್ನೊಮ್ಮೆ ನಿಜವಾಗಿಯೂ ಬರುತ್ತಾರೋ ಇಲ್ಲವೋ ಎಂಬುದು ಆ ಚೀಟಿಯ ಮೇಲೆ ಬರೆದಿರುವುದಿಲ್ಲ. ನಮ್ಮ ಕಿರಾಣಿ ಅಂಗಡಿಯ ‘ಇಂದು ನಗದು ನಾಳೆ ಉದ್ರಿ’ ಬೋರ್ಡಿಗೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಅಲ್ಲೂ ಇಲ್ಲ ಎಂಬ ಪದವೇ ಇಲ್ಲ, ಉದ್ರಿ ಮಾತ್ರ ಯಾವತ್ತೂ ಸಿಗುವುದಿಲ್ಲ.

ಇಂಗ್ಲಿಷಿನವರು ಸುತ್ತಿಬಳಸಿ ಮಾತಾಡುತ್ತಾರೆ ಅಂತ ನಾವು ಗೊಣಗುವುದಾದರೆ ನಮ್ಮ ‘ನೋಡೋಣ’ವನ್ನು ಒಮ್ಮೆ ಅವರ ಕಿವಿಯಿಂದ ಕೇಳಬೇಕು. ಕೈಸಾಲ ಕೇಳಿದವರಿಗೆ ‘ನೋಡೋಣ ಬಿಡ್ರಿ’ ಅಂದರೆ ಸಿಗಲ್ಲ ಅಂತಲೇ ಅರ್ಥ. ಕೇಳಿದವರೂ ಎದ್ದು ಹೊರಡುತ್ತಾರೆ. ಇದು ನಿಘಂಟಿನಲ್ಲಿ ಸಿಗುವುದಿಲ್ಲ.

ಮುಖಕ್ಕೆ ಹೊಡೆದಂಥ ನಿರಾಕರಣೆಗಳೂ ಇವೆ. ‘ಓವರ್ ಮೈ ಡೆಡ್ ಬಾಡಿ’: ನಾನು ಬದುಕಿರೋವರೆಗೂ ಆಗಲ್ಲ. ‘ವೆನ್ ಪಿಗ್ಸ್ ಫ್ಲೈ’: ಹಂದಿಗೆ ರೆಕ್ಕೆ ಬಂದಾಗ, ಅಂದರೆ ಎಂದಿಗೂ ಇಲ್ಲ. ‘ವೆನ್ ಹೆಲ್ ಫ್ರೀಝಸ್ ಓವರ್’: ನರಕ ಹೆಪ್ಪುಗಟ್ಟಿದಾಗ. ಇವು ಗೆಳೆಯರ ನಡುವಿನ, ಜಗಳದ, ತಮಾಷೆಯ ಮಾತು. ಆಫೀಸ್ ಮೇಲಿನಲ್ಲಿ ಬರೆದರೆ ಕೆಲಸಕ್ಕೇ ಸಂಚಕಾರ. ನಮ್ಮ ‘ತಿಪ್ಪರಲಾಗ ಹಾಕಿದ್ರೂ ಇಲ್ಲ’ವನ್ನು ಯಾರೂ ತಹಶೀಲ್ದಾರರಿಗೆ ಬರೆಯುವ ಅರ್ಜಿಯಲ್ಲಿ ಹಾಕುವುದಿಲ್ಲವಲ್ಲ, ಹಾಗೆ.

‘ನಾನಲ್ಲ’: ಅಲ್ಲಗಳೆಯುವ ಕಲೆ

ನಿರಾಕರಣೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇದು. ಇಲ್ಲಿ ಕೈ, ಕಣ್ಣು, ತಲೆ ಮೂರೂ ಕೆಲಸ ಮಾಡುತ್ತವೆ.

ಕೈ: ‘ವಾಶ್ ಯುವರ್ ಹ್ಯಾಂಡ್ಸ್ ಆಫ್ ಇಟ್’. ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ ರೋಮನ್ ಅಧಿಕಾರಿ ಪಿಲಾತನು ಯೇಸುವನ್ನು ಶಿಲುಬೆಗೆ ಒಪ್ಪಿಸುವಾಗ ಜನರೆದುರು ನೀರು ತರಿಸಿ ಕೈ ತೊಳೆದುಕೊಂಡು, ಈ ರಕ್ತಕ್ಕೆ ನಾನು ಹೊಣೆಯಲ್ಲ ಅನ್ನುತ್ತಾನೆ. ಕನ್ನಡದಲ್ಲೂ ‘ಕೈ ತೊಳೆದುಕೊಂಡ’ ಅನ್ನುತ್ತೇವೆ. ಅದರೊಳಗೆ ಒಂದು ಆರೋಪ ಇದೆ: ಹೊಣೆ ಅವನದೇ, ಜಾರಿಕೊಂಡ.

ಕಣ್ಣು: ‘ಟರ್ನ್ ಎ ಬ್ಲೈಂಡ್ ಐ’. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಸಮುದ್ರಯುದ್ಧ. ಮೇಲಧಿಕಾರಿ ಹೈಡ್ ಪಾರ್ಕರ್ ಯುದ್ಧ ನಿಲ್ಲಿಸಲು ಬಾವುಟದ ಸಂಕೇತ ಹಾರಿಸಿದ. ಅವನ ಕೈಕೆಳಗಿದ್ದ ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್‌ಗೆ ಬಲಗಣ್ಣು ಕೆಲವು ವರ್ಷ ಮೊದಲೇ ಹೋಗಿತ್ತು. ಆತ ದುರ್ಬೀನನ್ನು ಕುರುಡು ಕಣ್ಣಿಗೆ ಹಿಡಿದು, ನನಗೆ ಸಂಕೇತ ಕಾಣಿಸುತ್ತಿಲ್ಲ ಅಂದನೆಂಬ ಕಥೆಯಿಂದ ಈ ಮಾತು ಮನೆಮಾತಾಯಿತು. ಯುದ್ಧ ಗೆದ್ದ, ಆದ್ದರಿಂದ ಕಥೆಯಾಯಿತು, ಸೋತಿದ್ದರೆ ವಿಚಾರಣೆಯಾಗುತ್ತಿತ್ತು. ಕನ್ನಡದ ‘ಜಾಣಕುರುಡು’ ಈ ಇಡೀ ಕಥೆಯನ್ನು ಒಂದೇ ಪದದಲ್ಲಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಕುರುಡಿದೆ, ಜಾಣತನ ನಾವೇ ಊಹಿಸಿಕೊಳ್ಳಬೇಕು. ‘ಟರ್ನ್ ಎ ಡೆಫ್ ಇಯರ್’ಗೆ ‘ಜಾಣಕಿವುಡು’ ಹೇಗೂ ಇದೆ.

ತಲೆ: ‘ಬರಿ ಯುವರ್ ಹೆಡ್ ಇನ್ ದ ಸ್ಯಾಂಡ್’. ಅಪಾಯ ಕಂಡ ಉಷ್ಟ್ರಪಕ್ಷಿ ಮರಳಿನಲ್ಲಿ ತಲೆ ಹೂತುಕೊಳ್ಳುತ್ತದೆ ಎಂಬ ನಂಬಿಕೆಯಿಂದ ಬಂದದ್ದು. ಪಾಪದ ಹಕ್ಕಿ ಹಾಗೇನೂ ಮಾಡುವುದಿಲ್ಲ. ನೆಲದಲ್ಲಿ ತೋಡಿದ ಗೂಡಿನಲ್ಲಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಲು ತಲೆ ಬಗ್ಗಿಸುತ್ತದೆ. ಅಪಾಯ ಕಂಡರೆ ಕುತ್ತಿಗೆಯನ್ನು ನೆಲಕ್ಕೆ ಒತ್ತಿ ಮಲಗುತ್ತದೆ. ದೂರದಿಂದ ನೋಡಿದವರಿಗೆ ತಲೆ ಕಾಣಿಸಲಿಲ್ಲ, ನುಡಿಗಟ್ಟು ಹುಟ್ಟಿತು. ನಮ್ಮಲ್ಲಿ ಈ ಜಾಗದಲ್ಲಿ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿದೆ.

ಇನ್ನು ಅತಿಯಾಗಿ ಅಲ್ಲಗಳೆಯುವವರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೂರನೇ ಅಂಕದಲ್ಲಿ ರಾಣಿ ಗರ್ಟ್ರೂಡ್ ಹೇಳುವ ಮಾತು, ‘ದ ಲೇಡಿ ಡತ್ ಪ್ರೊಟೆಸ್ಟ್ ಟೂ ಮಚ್’. ಇವತ್ತು ಇದನ್ನು ‘ಇಷ್ಟು ಜೋರಾಗಿ ಅಲ್ಲ ಅಂತಿದ್ದಾಳೆ ಅಂದ್ರೆ ಏನೋ ಇದೆ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ಆ ಕಾಲದಲ್ಲಿ ‘ಪ್ರೊಟೆಸ್ಟ್’ ಅಂದರೆ ವಿರೋಧಿಸುವುದಲ್ಲ, ಆಣೆ ಮಾಡಿ ಹೇಳುವುದು. ನಾಟಕದೊಳಗಿನ ನಾಟಕದಲ್ಲಿ ಒಬ್ಬ ರಾಣಿ, ಗಂಡ ಸತ್ತರೆ ಮರುಮದುವೆ ಆಗುವುದೇ ಇಲ್ಲ ಅಂತ ಆಣೆ ಮೇಲೆ ಆಣೆ ಇಡುತ್ತಾಳೆ. ಗಂಡ ಸತ್ತು ಬೇಗನೇ ಮರುಮದುವೆಯಾದ ಗರ್ಟ್ರೂಡ್ ಅದನ್ನು ನೋಡಿ, ಆಕೆ ಆಣೆ ಅತಿ ಮಾಡುತ್ತಿದ್ದಾಳೆ ಅನ್ನುತ್ತಾಳೆ. ಪದದ ಅರ್ಥ ಬದಲಾಯಿತು, ಸಂಶಯ ಹಾಗೇ ಉಳಿಯಿತು. ಕನ್ನಡದಲ್ಲಿ ಇದಕ್ಕೆ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಇದೆ. ನನ್ನ ಮಟ್ಟಿಗೆ ಇದೇ ಒಂದು ಕೈ ಮೇಲು. ನಮ್ಮವನು ಬಾಯೇ ಬಿಡುವುದಿಲ್ಲ, ಕೈ ಹೆಗಲಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಒಪ್ಪಿಕೊಳ್ಳುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂಬುದಕ್ಕೆ ಅಮೆರಿಕದವರು ‘ಐ ಪ್ಲೀಡ್ ದ ಫಿಫ್ತ್’ ಅನ್ನುತ್ತಾರೆ. 1791ರಲ್ಲಿ ಜಾರಿಗೆ ಬಂದ ಅವರ ಸಂವಿಧಾನದ ಐದನೇ ತಿದ್ದುಪಡಿ ಪ್ರಕಾರ, ಕ್ರಿಮಿನಲ್ ಮೊಕದ್ದಮೆಯಲ್ಲಿ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ನಮ್ಮ ಸಂವಿಧಾನದಲ್ಲೂ ಆರೋಪಿಗೆ ಇಂಥದೇ ರಕ್ಷಣೆ 20(3)ನೇ ವಿಧಿಯಲ್ಲಿದೆ. ಆದರೆ ಕೊನೆಯ ಮಿರ್ಚಿ ತಿಂದವರ್ಯಾರು ಅಂತ ಮನೆಯಲ್ಲಿ ಕೇಳಿದರೆ ನಾವು ವಿಧಿಯ ಹೆಸರು ಹೇಳಲ್ಲ. ಅಮೆರಿಕದ ಹುಡುಗರು ತಮಾಷೆಗೆ ‘ಫಿಫ್ತ್’ ಅನ್ನುತ್ತಾರೆ.

ಖಾರ ಎಷ್ಟು ಹಾಕಬೇಕು

ಅರ್ಥ ಗೊತ್ತಾದ ಮೇಲೂ ಯಾವುದನ್ನು ಯಾರ ಮುಂದೆ ಆಡಬೇಕು ಎಂಬುದು ಉಳಿಯುತ್ತದೆ. ಮಂಡಕ್ಕಿ ಅಂಗಡಿಯವನು ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಖಾರ ಹಾಕುತ್ತಾನಲ್ಲ, ಆ ಅಂದಾಜು ಬೇಕು. ಗ್ರೈಪ್, ಬೀಫ್, ಬೆಲ್ಲಿಏಕ್, ಹಾರುವ ಹಂದಿ ಇವನ್ನೆಲ್ಲ ಅರ್ಥ ಮಾಡಿಕೊಳ್ಳಲು ಇಟ್ಟುಕೊಳ್ಳಿ, ಕೆಲಸದ ಪತ್ರದಲ್ಲಿ ಬಳಸಬೇಡಿ.

ಕೆಲಸದಲ್ಲಿ ತಕರಾರಿಗೆ ಮುಂಚೆ ಬರುವ ಪೀಠಿಕೆಗಳಿವೆ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಅಂದರೆ ಮುಂದಿನ ವಾಕ್ಯದಲ್ಲಿ ವಿರೋಧ ಬರಲಿದೆ ಅಂತಲೇ ತಿಳಿಯಬೇಕು. ನಮ್ಮ ‘ತಪ್ಪು ತಿಳ್ಕೋಬೇಡಿ’ಯ ಹಾಗೆ. ‘ಐ ಹಿಯರ್ ಯು’ ಅಂದರೆ ಕೇಳಿಸಿಕೊಂಡೆ ಅಂತ, ಒಪ್ಪಿದೆ ಅಂತ ಅಲ್ಲ. ‘ವಿ ಆರ್ ಗೆಟಿಂಗ್ ಸಮ್ ಪುಶ್‌ಬ್ಯಾಕ್’ ಅಂದರೆ ಯಾರೂ ಯಾರನ್ನೂ ತಳ್ಳುತ್ತಿಲ್ಲ. ಮೇಲಿನವರೋ ಗಿರಾಕಿಗಳೋ ಒಪ್ಪುತ್ತಿಲ್ಲ.

ಇದಕ್ಕೆ ಉಲ್ಟಾ ಅಪಾಯವೂ ಇದೆ. ನಾವು ಪ್ರಶ್ನೆ ಕೇಳಲು ‘ಐ ಹ್ಯಾವ್ ಎ ಡೌಟ್’ ಅನ್ನುತ್ತೇವೆ. ಶಾಲೆಯಿಂದಲೂ ಹಾಗೇ ಕಲಿತಿದ್ದೇವೆ. ಬ್ರಿಟನ್, ಅಮೆರಿಕದವರ ಕಿವಿಗೆ ಅದು ‘ನೀವು ಹೇಳಿದ್ದರಲ್ಲಿ ನಂಬಿಕೆಯಿಲ್ಲ’ ಅಂತ ಕೇಳಿಸುತ್ತದೆ. ಕೈ ಎತ್ತಿ ಕೇಳಿದ್ದು ತಕರಾರಾಗಿ ಹೋಗುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಸಾಕು. ಇನ್ನು ವಿಡಿಯೋದಲ್ಲಿ ನಾವು ‘ಹ್ಞೂಂ’ ಅನ್ನುತ್ತಾ ಪಕ್ಕಕ್ಕೆ ತಲೆ ಆಡಿಸುವುದನ್ನು ಅವರು ಇಲ್ಲ ಅಂತಲೋ ಅನುಮಾನ ಅಂತಲೋ ಓದಿಕೊಳ್ಳಬಹುದು. ಬಾಯಲ್ಲಿ ಒಂದು ‘ಯೆಸ್’ ಸೇರಿಸುವುದು ಒಳ್ಳೆಯದು.

ಅಂದು ರಾತ್ರಿ ಊಟ ಆದ ಮೇಲೆ ಹುಡುಗಿ ಆ ಮನುಷ್ಯನಿಗೆ ಉತ್ತರ ಬರೆದಳು. ಗುರುವಾರ ಆಗಲಿಲ್ಲವೆಂದರೆ ಪರವಾಗಿಲ್ಲ, ನಿಮಗೆ ಅನುಕೂಲವಾದ ಇನ್ನೊಂದು ದಿನ ತಿಳಿಸಿ ಅಂತ ಎರಡು ಸಾಲು. ಬೆಳಿಗ್ಗೆ ಎದ್ದು ನೋಡಿದರೆ ಜವಾಬು ಬಂದಿತ್ತು: ‘ಲೆಟ್ ಮಿ ಸೀ.’

‘ಮಾಮ, ಇದು ನಿಜವಾಗ್ಲೂ ನೋಡ್ತಾನೆ ಅಂತನಾ, ಇಲ್ಲಾ ನಮ್ಮ ನೋಡೋಣನಾ?’

ಮಂಗಳವಾರಕ್ಕೆ ಒಂದು ಲಿಂಕ್ ಕಳಿಸಿ ಇಡು ಅಂದೆ. ಕ್ಯಾಲೆಂಡರ್ ಮಾತ್ರ ಈಗಲೇ ಇಳಿಸಬೇಡ.